ಹುಣಸೂರಿನ ಹೆಸರು ಸೇರಿಸಿದ್ದು ನಾನು

ಆ ಸಂದೇಶದಲ್ಲಿ ಹುಣಸೂರಿನ ಹೆಸರಿರಲಿಲ್ಲ. ಸೇರಿಸಿದ್ದು ನಾನು. ಶಮೀಮ್ ನಮ್ಮೂರಿಗೆ ಬರುವುದು ನಿಂತದ್ದು ಆ ಒಂದು ಮಾತಿನಿಂದ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಮನೆಯವರಿಗೂ.

ನಮ್ಮೂರು ಕಟ್ಟೆಮಳಲವಾಡಿಯ ಕಡೆ. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ ಮುಂದಿನ ಚಪ್ಪರದಲ್ಲಿ ಹೆಂಗಸರು ಸಾಲಾಗಿ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಕಟ್ಟಿದ್ದು ಕಡ್ಡಿ ಎತ್ತಿದೊಡನೆ ಉದುರುತ್ತಿತ್ತು. "ನೀ ಕಟ್ಟಿದ್ದು ಸಾಕು ಕಣವ್ವ, ಸುಮ್ನೆ ಕೂತ್ಕಂಡು ಒಂದು ಕತೆನಾದ್ರೂ ಓದು" ಎಂದರು ಚಿಕ್ಕತ್ತೆ ಸಾಕಮ್ಮ. ಅಲ್ಲಿಂದ ಅದೇ ನನ್ನ ಕೆಲಸವಾಯಿತು. ಪಂಚಾಯಿತಿ ಲೈಬ್ರರಿಯಿಂದ ಕಾದಂಬರಿ ತಂದು ಗಟ್ಟಿಯಾಗಿ ಓದುತ್ತಿದ್ದೆ. ಕೇಳುವವರಿಗೆ ಹತ್ತಿರವಾಗಲಿ ಎಂದು ಊರುಗಳ ಹೆಸರು ಬದಲಿಸುತ್ತಿದ್ದೆ — ಎಲ್ಲಿಯದೋ ಬೆಟ್ಟ ಬಂದರೆ ಅದು ಬೆಟ್ಟದಪುರದ ಬೆಟ್ಟ, ಯಾವ ಹೊಳೆಯಾದರೂ ಲಕ್ಷ್ಮಣತೀರ್ಥ. ಅವರಿಗೂ ಗೊತ್ತಿತ್ತು. "ನೋಡ್ರವ್ವ, ಈ ನಾಯಕಿನೂ ನಮ್ಮ ಬಸ್ಸಲ್ಲೇ ಬಂದ್ಲು!" ಎಂದು ನಗುತ್ತಿದ್ದರು. ಅದೊಂದು ಆಟ.

ಶಮೀಮ್ ವಾರಕ್ಕೊಮ್ಮೆ ಹುಣಸೂರಿನಿಂದ ರವಿಕೆ ಬಟ್ಟೆ, ನೈಟಿ ತಂದು ಮಾರುತ್ತಿದ್ದಳು. ಅವಳೂ ಮೂಟೆ ಇಳಿಸಿ ಕೇಳುತ್ತ ಕೂರುತ್ತಿದ್ದಳು. ಕತೆಗಾಗಿ ಎಷ್ಟೋ ಸಲ ಬಸ್ಸು ಬಿಟ್ಟಿದ್ದಾಳೆ.

ಆಮೇಲೆ ನನ್ನ ಕೈಗೆ ದೊಡ್ಡ ಫೋನು ಬಂತು, ಅದಕ್ಕೆ ಬರುವ ಸಂದೇಶಗಳನ್ನೇ ಓದತೊಡಗಿದೆ. ಪುಟ ತಿರುಗಿಸುವ ತಾಳ್ಮೆ ಮೊದಲು ಹೋದದ್ದು ನನಗೇ. ಇಡೀ ಮಧ್ಯಾಹ್ನ ಓದಿದರೆ ಸಿಗುತ್ತಿದ್ದ 'ಅಯ್ಯೋ' ಅಲ್ಲಿ ನಾಲ್ಕು ಸಾಲಿಗೇ ಸಿಗುತ್ತಿತ್ತು. ಎಲೆ ಕಟ್ಟುವ ಕೈಗಳು ತಟ್ಟನೆ ನಿಲ್ಲುತ್ತಿದ್ದವು. ಅವು ಹಾಗೆ ನಿಲ್ಲುವುದು ನನಗೆ ಇಷ್ಟವಾಗಿತ್ತು.

ಒಂದು ದಿನ ಹೀಗೊಂದು ಸಂದೇಶ ಬಂತು: ಬಟ್ಟೆ ಮಾರುವ ನೆಪದಲ್ಲಿ ಮುಸ್ಲಿಂ ಹೆಂಗಸರು ಮನೆಗಳಿಗೆ ಬಂದು ಮಕ್ಕಳನ್ನು ಗುರುತು ಮಾಡಿಕೊಂಡು ಹೋಗುತ್ತಾರೆ, ಆಮೇಲೆ ಆ ಮಕ್ಕಳು ಕಾಣೆಯಾಗುತ್ತವೆ. ಎಲ್ಲಿ ಎಂದಿರಲಿಲ್ಲ. 'ಒಂದು ಊರಿನಲ್ಲಿ' ಎಂದಷ್ಟೇ. ನಾನು ಓದುತ್ತ ಓದುತ್ತ — ನಾಲಿಗೆಯ ರೂಢಿ ಅನ್ನಬಹುದು, ಅನ್ನುವುದಿಲ್ಲ — 'ಹುಣಸೂರಿನಲ್ಲಿ' ಎಂದೆ. ಕೈಗಳು ನಿಂತವು. ಕತೆಯಾಗಿದ್ದರೆ "ಅವ್ಳೇನು ಅಷ್ಟು ದಡ್ಡಿಯಾ? ಅದೆಂಗಾಯ್ತದೆ?" ಎಂದು ನೂರು ಪ್ರಶ್ನೆ ಕೇಳುತ್ತಿದ್ದವರು ಅವತ್ತು ಒಂದನ್ನೂ ಕೇಳಲಿಲ್ಲ.

ಮುಂದಿನ ವಾರ ಶಮೀಮ್ ಬಂದವಳೇ ಎಂದಿನಂತೆ, ನಮ್ಮ ಜೊತೆ ಎಲೆ ಕಟ್ಟುವ ಮಂಜುಳಳ ಮಗುವನ್ನು ಎತ್ತಿಕೊಂಡಳು. ಮಂಜುಳ ಓಡಿಬಂದು ಕಿತ್ತುಕೊಂಡಳು. "ಮೂಟೆ ಬಿಚ್ಚು, ಒಳಗೇನದೆ ನೋಡ್ಬೇಕು" ಎಂದರು ಸಾಕಮ್ಮ. ರವಿಕೆ ಬಟ್ಟೆಗಳನ್ನು ಒಂದೊಂದಾಗಿ ಮಣ್ಣಿಗೆ ಕೊಡವಿದರು. "ಏನಾಯ್ತಕ್ಕ ಇವರಿಗೆ?" — ಶಮೀಮ್ ಕೇಳಿದ್ದು ನನ್ನನ್ನು. ನಾನು ಫೋನನ್ನು ಮಡಿಲಲ್ಲಿ ಕವುಚಿಟ್ಟೆ. ಬಾಯಿ ಬಿಡಲಿಲ್ಲ.

ಈ ವರ್ಷ ಸೊಪ್ಪು ಮುರಿಯುವ ಮುಂಚೆ ಅವಳು ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಈಗ ಯಾರದೋ ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹೊಲಿಯುತ್ತಾಳಂತೆ. ನಾನು ಮುಖ ತಿರುಗಿಸುವಷ್ಟರಲ್ಲಿ ಕೈ ಹಿಡಿದುಕೊಂಡಳು. "ಅವತ್ತು ನನಗೆ ಒಂದು ಮಾತೂ ಅನ್ನದೆ ಇದ್ದಿದ್ದು ನೀವೊಬ್ರೇ ಅಕ್ಕ. ಅದನ್ನ ನಾನು ಮರೆತಿಲ್ಲ." ನಾನು ಸುಮ್ಮನಿದ್ದದ್ದನ್ನು ಅವಳು ಒಳ್ಳೆಯತನ ಎಂದುಕೊಂಡಿದ್ದಳು. ಮನೆಗೆ ಬಂದು ಅನ್ನಕ್ಕಿಟ್ಟು ಅದೇ ಯೋಚನೆಯಲ್ಲಿ ನಿಂತೆ. ತಳ ಹಿಡಿದ ವಾಸನೆ ಬೀದಿಗೆ ಹೋಗಿ, ಪಕ್ಕದ ಮನೆಯವರು ಬಂದು ಒಲೆ ಆರಿಸಿದರು.

ಹೋದ ಶುಕ್ರವಾರ ಚಪ್ಪರದಲ್ಲಿ ಎಲ್ಲರೆದುರು ಹೇಳಿದೆ. ಅದು ಎಲ್ಲಿಯದೋ ಸುಳ್ಳು, ಹುಣಸೂರು ಅನ್ನುವುದು ನನ್ನ ಸುಳ್ಳು ಎಂದೆ.

"ಅಯ್ಯೋ ಬುಡವ್ವ, ನೀನೇ ಓದಿದ್ದಲ್ವಾ, ನಾವೆಲ್ಲ ಕೇಳಿಲ್ವಾ?" ಎಂದರು ಸಾಕಮ್ಮ. "ಓದಿದ್ದು ಅದೆಂಗೆ ಸುಳ್ಳಾಯ್ತದೆ?"

ಎದುರಿಗೆ ನಿಂತು ಹೇಳುತ್ತಿರುವ ನನಗಿಂತ ಅಂದು ಓದಿದ ನಾನೇ ಅವರಿಗೆ ದೊಡ್ಡವಳು. ಶನಿವಾರ ಮತ್ತೆ ಹೇಳಿದೆ. ಮಂಜುಳ ಕಡ್ಡಿ ಕೆಳಗಿಟ್ಟಳು. "ಅಂಗಾದ್ರೆ ನಾನು ಮಗೀನ ಕಿತ್ಕಂಡಿದ್ದು?"

"ನನ್ನಿಂದ" ಎಂದೆ.

ಅವಳು ಕಡ್ಡಿ ಎತ್ತಿಕೊಂಡು ಚಪ್ಪರದ ಆ ತುದಿಗೆ ಹೋಗಿ ಕೂತಳು. ಉಳಿದವರು ನಂಬುವವರೆಗೂ ಹೇಳುತ್ತೇನೆ. ಬೇಸರವಾಗಿ ಎದ್ದುಹೋದರೆ ಹಿಂದೆಯೇ ಹೋಗಿ ಹೇಳುತ್ತೇನೆ.

ಶಮೀಮ್‌ಗೆ ಇನ್ನೂ ಹೇಳಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ನಮ್ಮೂರಿಗೆ ಬಾ ಎಂದು ಕರೆಯಲು ಅಲ್ಲ, ಕರೆಯುವ ಮುಖ ನನಗಿಲ್ಲ. ಕ್ಷಮಿಸು ಎಂದೂ ಮೊದಲು ಅನ್ನುವುದಿಲ್ಲ. ಅವಳ ಸ್ವಭಾವ ಗೊತ್ತು, ಪೂರ್ತಿ ಕೇಳುವ ಮೊದಲೇ ಕ್ಷಮಿಸಿಬಿಡುತ್ತಾಳೆ. ಕೊನೆಯವರೆಗೂ ಕೇಳಿಸಬೇಕು. ನನ್ನ ಬಗ್ಗೆ ಅವಳು ಮರೆಯದೆ ಇಟ್ಟುಕೊಂಡಿರುವ ಆ ಒಂದು ಒಳ್ಳೆಯ ನೆನಪನ್ನು ನಾನೇ ಅವಳ ಮನಸ್ಸಿನಿಂದ ತೆಗೆಯಬೇಕು. ಅದು ನನಗೆ ಸೇರಿದ್ದಲ್ಲ.