ಹನ್ನೆರಡನೇ ಕುರಿ

ನಮ್ಮ ಮಾವ ಬೊಮ್ಮಪ್ಪನವರಿಗೆ ಅರವತ್ತೆಂಟು ವರ್ಷ. ಒಂದಕ್ಷರ ಓದಿದವರಲ್ಲ, ಆದರೆ ಎಣಿಸದೆ ಬಿಟ್ಟವರೂ ಅಲ್ಲ. ಸಂಜೆ ಕುರಿ ರೊಪ್ಪದ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಕುರಿಗಳನ್ನು ಜೋಡಿ ಲೆಕ್ಕದಲ್ಲಿ ಎಣಿಸುತ್ತಾರೆ. ನಲವತ್ತೆರಡು ಜೋಡಿ ಸರಿಹೋದ ಮೇಲೆಯೇ ಕಾಲು ತೊಳೆಯುವುದು, ಊಟಕ್ಕೆ ಕೂರುವುದು. ತಮ್ಮ ಮದುವೆಯ ದಿನ ಒಂದು ಕುರಿ ಕಡಿಮೆ ಬಂತೆಂದು ಬಾಸಿಂಗ ಕಟ್ಟಿಕೊಂಡೇ ಓಬಳಾಪುರದ ಗುಡ್ಡದ ಕಡೆ ನಡೆದುಬಿಟ್ಟರಂತೆ. "ಮರುದಿನ ಮಧ್ಯಾಹ್ನ ಬಂದ್ರು. ಮೊದಲು ಕುರಿ ಮೈ ಸವರಿದ್ರು, ಆಮ್ಯಾಲೆ ನನ್ನ ಹೆಸರು ಕೇಳಿದ್ರು" ಎಂದು ಅತ್ತೆ ಉಜ್ಜಿನಮ್ಮ ಈಗಲೂ ಹೇಳುತ್ತಾರೆ.

ಇಂಥವರ ಕೈಗೆ ಚಿತ್ರದ ಪುಸ್ತಕ ಸಿಕ್ಕಿದ್ದು ನನ್ನಿಂದಲೇ.

ನನ್ನ ಮಗಳು ಸುಶ್ಮಿತಾಗೆ ಎರಡೂವರೆ ವರ್ಷ ತುಂಬಿದರೂ ಒಂದು ಮಾತು ಬಂದಿರಲಿಲ್ಲ. 'ಅಮ್ಮ' ಕೂಡ ಇಲ್ಲ. ಬಳ್ಳಾರಿಯ ಡಾಕ್ಟರು ಕಿವಿ ಸರಿಯಾಗಿದೆ ಅಂದರು. "ದಿನಾ ಮಡಿಲಲ್ಲಿ ಕೂರಿಸಿಕೊಂಡು ಚಿತ್ರದ ಪುಸ್ತಕ ತೋರಿಸಿ ಮಾತಾಡಿಸಿ. ಮೂರು ತಿಂಗಳು ನೋಡೋಣ." ಆ 'ನೋಡೋಣ' ಎದೆಯಲ್ಲಿ ಕೂತುಬಿಟ್ಟಿತು. ಮೂರು ತಿಂಗಳಾದ ಮೇಲೆ ಏನು ನೋಡುತ್ತಾರೆ?

ಪುಸ್ತಕ ತರಿಸಿದೆ. ಕೆಂಪು ಫ್ರಾಕಿನ ಹುಡುಗಿಯೊಬ್ಬಳು ಕುರಿ ಕಾಯುವ ಕತೆ. ಫೋನಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು, "ಇದು ಕುರಿ. ಕುರಿ ಅನ್ನು ಪುಟ್ಟೀ" ಎನ್ನುತ್ತಿದ್ದೆ. ಅವಳು ಕುರಿಯನ್ನು ನೆಕ್ಕುತ್ತಿದ್ದಳು. ಆ ಬಣ್ಣದಲ್ಲಿ ಏನೇನಿದೆಯೋ ಎಂದು ನನಗೆ ಇನ್ನೊಂದು ಚಿಂತೆ.

ಹೀಗೇ ಎರಡೂವರೆ ತಿಂಗಳು ಕಳೆಯಿತು. ಒಂದು ದಿನ ಮಾವ ಹೊಸ್ತಿಲ ಮೇಲೆ ಕೂತು ಬಗ್ಗಿ ನೋಡುತ್ತಿದ್ದರು. ನಾನು ಹಾಳೆ ತಿರುವಿದೆ.

"ತಡಿ. ಹಿಂದಕ್ ತಿರುವು."

ತಿರುವಿದೆ. ಅವರ ಎರಡು ಬೆರಳು ಗಾಳಿಯಲ್ಲಿ ಓಡಿದವು. "ಆರು ಜೋಡಿ. ಈಗ ಮುಂದಕ್." ಮತ್ತೆ ಬೆರಳು. "ಐದು ಜೋಡಿ, ಮ್ಯಾಲೊಂದು. ಇನ್ನೊಂದೆಲ್ಲಿ ಹೋತು?"

"ಚಿತ್ರ ಬರೆದವರು ಮರೆತಿರಬೇಕು ಮಾವ."

"ಕುರಿ ಮರೀತಾರಂದ್ರ? ಕಾಯೋರು ಯಾರು?"

ಮರದ ಕೆಳಗಿದ್ದ ಹುಡುಗಿಯನ್ನು ತೋರಿಸಿದೆ.

"ಈಕಿನಾ? ಮುಗಿಲು ನೋಡ್ಕೋತ ಮಲಗ್ಯಾಳ! ಕೈಯಾಗ ಕೋಲಿಲ್ಲ, ಹಿಂದ ನಾಯಿ ಇಲ್ಲ. ಈಕಿ ಕೈಗೆ ಹಿಂಡು ಕೊಟ್ಟ ಪುಣ್ಯಾತ್ಮ ಯಾರವ್ವಾ?"

ಮುಂದಿನ ಹಾಳೆಗೆ ಹೋಗಲು ಅವರು ಒಪ್ಪಲಿಲ್ಲ. ಒಂದನ್ನು ಬಿಟ್ಟು ಹಿಂಡು ಮುಂದಕ್ಕೆ ಹೊಡೆಯುವುದು ಹ್ಯಾಂಗ ಅಂದರು. ನಾಲ್ಕು ದಿನ ನಾವು ಮೂರನೇ ಹಾಳೆಯಲ್ಲೇ ಉಳಿದೆವು.

ಎರಡನೇ ದಿನ ಪಕ್ಕದ ಮನೆಯ ಬೋರಪ್ಪ ಕನ್ನಡಕ ಹಾಕಿಕೊಂಡು ಪರೀಕ್ಷೆಗೆ ಬಂದ. "ಈ ಪೊದಿ ನೋಡ್ರಿ ಬೊಮ್ಮಪ್ಪಣ್ಣ, ಇದರ ಬಣ್ಣ ಸರಿ ಇಲ್ಲ. ಒಳಗ ತೋಳ ಐತಿ."

"ತೋಳ ಹಿಡಿದಿದ್ರ ಉಳಿದವು ಹಿಂಗ ನಗ್ತಿದ್ವೇನು?" ಅಂದರು ಮಾವ. ನಿಜ, ಹನ್ನೊಂದೂ ನಗುತ್ತಿದ್ದವು.

ಬೋರಪ್ಪ ಬಹಳ ಹೊತ್ತು ಯೋಚಿಸಿದ. "ಹಾಂಗಾದ್ರ ಕಳ್ಳ ಪರಿಚಯದವನಾ."

ನಾನು ತಡೆಯಲಾರದೆ ಪೆನ್ಸಿಲ್ಲಿನಲ್ಲಿ ಒಂದು ಕುರಿ ಬರೆದು ಸೇರಿಸಿದೆ. ಮಾವ ದಿಟ್ಟಿಸಿ, "ಇದು ಬ್ಯಾರೆಯವರ ಹಿಂಡಿಂದು. ಬಿಟ್ಟು ಬಾ" ಅಂದರು. ಅಳಿಸಿದೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೆಲಸದಲ್ಲಿರುವ ನನ್ನ ಗಂಡ ಪ್ರಸಾದ್‌ಗೆ ಫೋಟೊ ಕಳಿಸಿ ದೂರು ಹೇಳಿದರೆ, ಅವನೂ ಎಣಿಸಿ, "ಅಪ್ಪ ಹೇಳಿದ್ದು ಖರೆ ಐತಲ್ಲ" ಅಂದ.

ಸುಶ್ಮಿತಾ ಮಾತ್ರ ಈಗ ನನ್ನ ಮಡಿಲು ಬಿಟ್ಟು ತಾತನ ಮಡಿಲು ಸೇರಿದ್ದಳು. ಇಡೀ ಮಧ್ಯಾಹ್ನ ಎರಡು ಬೆರಳಿನಿಂದ ಕುರಿಗಳನ್ನು ಒತ್ತುತ್ತಿದ್ದಳು. ಬಾಯಿ ಮಾತ್ರ ಬಿಡಲಿಲ್ಲ. ಡಾಕ್ಟರು ಕೊಟ್ಟ ಗಡುವಿಗೆ ಒಂಬತ್ತು ದಿನ ಉಳಿದಿತ್ತು.

ಐದನೇ ದಿನ ನಾನೂ ಅತ್ತೆಯೂ ಆಟೋ ಹಿಡಿದು ಕಣೇಕಲ್ಲಿಗೆ ಹೋದೆವು. ಮಾತು ಬರಿಸುವ ಟಾನಿಕ್ ಒಂದಿದೆ ಎಂದು ಯಾರೋ ಹೇಳಿದ್ದರು. ವಾಪಸ್ ಬಂದಾಗ ಮಾವ, ಬೋರಪ್ಪ ಇಬ್ಬರೂ ಅಂಗಳದಲ್ಲಿ ಗೆದ್ದವರ ಹಾಗೆ ಕೂತಿದ್ದರು. ಪುಸ್ತಕದ ಬೆನ್ನಿಗಿದ್ದ ನಂಬರನ್ನು ಬೋರಪ್ಪನಿಂದ ಓದಿಸಿ, ಮಾವ ಪುಸ್ತಕ ಅಚ್ಚು ಹಾಕಿಸಿದವರಿಗೇ ಫೋನ್ ಮಾಡಿದ್ದರಂತೆ.

"ದ್ರಾಕ್ಷಾಯಣಮ್ಮ ಅಂತ ಒಬ್ಬಾಕಿ ಎತ್ತಿದ್ಳು" ಅಂದರು ಮಾವ. "ಮುಂದಿನ ಸಲ ಅಚ್ಚು ಹಾಕುವಾಗ ಸೇರಿಸ್ತೀವಿ ಅಂದ್ಳು. ಅಲ್ಲೀತನ ಅದಕ್ಕ ಮೇವು ಯಾರು ಹಾಕ್ತಾರವ್ವಾ ಅಂದೆ. ಅಷ್ಟರಾಗ ನಿನ್ನ ಮಗಳು ಫೋನ್ ಕಸ್ಕೊಂಡು 'ಕೊಡು' ಅಂದ್ಳು."

"ಯಾರು?"

"ಸುಶ್ಮಿತಾ. ಮೂರು ಸಲ. ಫೋನಿನಾಗಿದ್ದಾಕಿ ಹೆದರಿ 'ಕೊಡ್ತೀವಿ' ಅಂದ್ಳು."

ಮಗಳನ್ನೆತ್ತಿಕೊಂಡು "ಕೊಡು ಅನ್ನು, ಒಂದೇ ಸಲ" ಅಂದೆ. ಬಿಸ್ಕತ್ತು ಹಿಡಿದೆ. ಕೈ ಚಾಚಿದಳು, ತುಟಿ ಬಿಗಿದಳು. ನನ್ನ ಮಗುವಿನ ಮೊದಲ ಮಾತಿಗೆ ಸಾಕ್ಷಿ ಯಾರು ನೋಡಿ: ಬಣ್ಣದ ಪೊದೆಯಲ್ಲಿ ತೋಳ ಕಂಡ ಬೋರಪ್ಪ, ಇಲ್ಲದ ಕುರಿಗೆ ಮೇವು ಕೇಳಿದ ಮಾವ. ಇವರನ್ನು ನಂಬಿ ಡಾಕ್ಟರ ಮುಂದೆ ಏನಂತ ಹೇಳಲಿ?

ಒಳಗೆ ಹೋಗಿ ಅದೇ ನಂಬರಿಗೆ ಫೋನ್ ಮಾಡಿದೆ.

"ಮೇಡಂ, ನಾನು ಕಣೇಕಲ್ಲು ಕಡೆಯಿಂದ..."

"ಕುರಿಯವರಾ?" ಆ ಕಡೆಯ ಧ್ವನಿ ಸುಸ್ತಾಗಿತ್ತು. "ಆಫೀಸಿನವರೆಲ್ಲ ಕೂತು ಎಣಿಸಿದ್ವಿ ಮೇಡಂ. ಹನ್ನೊಂದೇ ಇವೆ. ಚಿತ್ರ ಬರೆದವರನ್ನ ಕೇಳ್ತಿದ್ದೀವಿ, ಸ್ವಲ್ಪ ಟೈಮ್ ಕೊಡಿ."

"ಕುರಿ ಬಿಡಿ ಮೇಡಂ. ನನ್ನ ಮಗಳು ನಿಮ್ಮ ಹತ್ತಿರ ಮಾತಾಡಿದ್ಳಾ?"

"ಹೂಂ, ಮಾತಾಡಿದ್ಳಲ್ಲ. ಯಾಕೆ?"

"ಅವಳು ಇಲ್ಲೀವರೆಗೆ ಮಾತೇ ಆಡಿಲ್ಲ. ನಾನು ಮನೇಲಿರಲಿಲ್ಲ."

"ಕೊಡು ಅಂದ್ಳು. ಸ್ಪಷ್ಟವಾಗಿ."

"ಹೇಗೆ ಅಂದ್ಳು?"

"ಹೇಗೆ ಅಂದ್ರೆ..." ಅವರು ಗಂಟಲು ಸರಿಮಾಡಿಕೊಂಡರು. ಕುರ್ಚಿ ಸರಿದ ಸದ್ದು. ಆಮೇಲೆ ಎಲ್ಲೋ ಇರುವ ಆ ಆಫೀಸಿನಲ್ಲಿ, ನಾನು ಮುಖ ಕಾಣದ ಆ ಹೆಂಗಸು ಗಟ್ಟಿಯಾಗಿ ಕೂಗಿದರು: "ಕೊಡು!"

ಅಲ್ಲಿ ಯಾರೋ "ಏನು ಬೇಕು ಮೇಡಂ?" ಅಂದದ್ದು ಕೇಳಿಸಿತು.

"ಇನ್ನೆರಡು ಸಲ ಇತ್ತಲ್ಲ" ಅಂದೆ.

"ಕೊಡು! ಕೊಡು!"

ಗೋಡೆಗೆ ಒರಗಿ ಕೇಳಿಸಿಕೊಂಡೆ. ಎರಡನೆಯದು ಸ್ವಲ್ಪ ಉದ್ದ, ಕೊನೆಯದಕ್ಕೆ ಸಿಟ್ಟು. ನಮ್ಮ ಮನೆಯವರದೇ ಸಿಟ್ಟು ಅದು.

ಅಂಗಳದಿಂದ ಮಾವ ಕೂಗಿದರು. "ಏನಂತವ್ವಾ ರಾಧಾ? ಸಿಕ್ತಂತೇನು?"

ಕಣ್ಣೊರೆಸಿಕೊಂಡು ಹೊರಗೆ ಬಂದೆ. "ಸಿಕ್ತಂತ ಮಾವ."

"ಸಿಕ್ಕಿದ್ರ ಸಾಕು. ನಿಧಾನಕ್ ತರ್ಲಿ" ಅಂದು ಅವರು ಮೊಮ್ಮಗಳ ಬೆರಳು ಹಿಡಿದು ಮೂರನೇ ಹಾಳೆಯನ್ನು ಮುಂದಕ್ಕೆ ತಿರುವಿದರು.