ಸಾಬರ ಸ್ಪ್ರಿಂಗು, ಮೇಷ್ಟ್ರ ಗೆರೆ

ನಾನು ಮೊದಲ ಸಲ ಮನೆ ಬಿಟ್ಟದ್ದು ವರ್ಷತೊಡಕಿನ ದಿನ. ಆಮೇಲೆ ಕಾಲು ನಿಂತ ಊರುಗಳಲ್ಲಿ ಮುಳಬಾಗಿಲೂ ಒಂದು. ಅಲ್ಲಿ ತಂತಿ ಸುತ್ತಿ ಸ್ಪ್ರಿಂಗು ಮಾಡುವ ಕರೀಂ ಸಾಬರ ಹತ್ತಿರ ಕೆಲಸಕ್ಕಿದ್ದೆ.

ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ಹನ್ನೆರಡು ಸ್ಪ್ರಿಂಗು ಮಾಡಿಸಿದ್ದರು, ನಮ್ಮ ಒಂದು ವಾರದ ದುಡಿಮೆ. ಒಯ್ಯುವ ಮೊದಲು ಒಂದಕ್ಕೆ ತೂಕದ ಕಲ್ಲು ನೇತುಹಾಕಿ, ಎಳೆದು ಬಿಟ್ಟು, ಇಪ್ಪತ್ತು ಕುಣಿತಕ್ಕೆ ಎಷ್ಟು ಸೆಕೆಂಡೆಂದು ಗಡಿಯಾರ ನೋಡಿದರು. ಹೀಗೇ ಐದು ತೂಕ. ಒಂದು ಕುಣಿತದ ಕಾಲವನ್ನು ಅದರಿಂದಲೇ ಗುಣಿಸಿ, ತೂಕದ ಎದುರಿಗೆ ಗ್ರಾಫ್ ಕಾಗದದಲ್ಲಿ ಚುಕ್ಕಿ ಇಟ್ಟರು. ಚುಕ್ಕಿಗಳು ನೆಟ್ಟಗೆ ಒಂದೇ ಗೆರೆಯಲ್ಲಿ ಕೂತವು. ಆ ಗೆರೆಯ ಓರೆಯಿಂದಲೇ ಸ್ಪ್ರಿಂಗಿನ ಬಿಗಿ ತಿಳಿಯುತ್ತದಂತೆ.

"ಗೆರೆ ಸೊನ್ನೆ ಮೂಲಕ ಹಾದುಹೋಗ್ತಿಲ್ಲ ಸಾಬ್ರೇ. ಕಲ್ಲೇ ಇಲ್ದಿದ್ರೂ ಕಾಲ ತೋರಿಸ್ತಿದೆ. ಮಾಲು ಸರಿಯಿಲ್ಲ, ವಾಪಸ್ ಇಟ್ಕೊಳ್ಳಿ."

ಗ್ರಾಫು ಅಂದರೇನೆಂದೇ ಸಾಬರಿಗೆ ಗೊತ್ತಿರಲಿಲ್ಲ. "ಕುಣಿಯೋದು ಕಲ್ಲು ಒಂದೇನಾ ಮೇಷ್ಟ್ರೇ? ಸ್ಪ್ರಿಂಗೂ ಕುಣೀತದಲ್ಲ, ಅದರ ತೂಕ ಎಲ್ಲಿ ಹಾಕಿದ್ರಿ?" ಎಂದರು.

ಮೇಷ್ಟ್ರು ಸ್ಪ್ರಿಂಗಿನ ತೂಕದ ಪಾಲನ್ನೂ ಕಲ್ಲಿನ ತೂಕಕ್ಕೆ ಕೂಡಿಸಿ ಮತ್ತೆ ಚುಕ್ಕಿ ಇಟ್ಟರು; ಗೆರೆ ಸೊನ್ನೆಗೇ ಬಂತು. ಆಮೇಲೆ ಹನ್ನೆರಡನ್ನೂ ಚೀಲಕ್ಕೆ ಹಾಕಿಕೊಂಡು, "ನಾಳೆ ಶಾಲೆಗೆ ಬಂದು ಇದನ್ನ ನೀವೇ ಹೇಳ್ಬೇಕು" ಎಂದು ಕೈಮುಗಿದರು.

"ಅಂಗಡಿ ಬಿಟ್ಟು ಬರಕ್ಕಾಗಲ್ಲ. ಇವ್ನು ಬರ್ತಾನೆ," ಎಂದು ಸಾಬರು ನನ್ನನ್ನು ತೋರಿಸಿದರು.

ಮೂರನೇ ಕ್ಲಾಸಿನಿಂದ ಓಡಿಬಂದವನು ನಾನು. ಹೈಸ್ಕೂಲಿಗೆ ಪಾಠ ಹೇಳುವುದಕ್ಕಿಂತ ಶ್ರೀನಿವಾಸಪುರದ ಬಸ್ಸೇ ವಾಸಿ ಎಂದು ಬಟ್ಟೆ ಗಂಟು ಕಟ್ಟತೊಡಗಿದೆ.