ಮಂಜಿನಲ್ಲಿ ಕರೆದ ಹೆಸರು

ಈ ಬೆಟ್ಟಗಳಿಗೆ ಬಂದ ಮೊದಲ ಬೆಳಿಗ್ಗೆ ಬಾಗಿಲು ತೆರೆದರೆ ಹೊರಗೆ ಏನೂ ಇರಲಿಲ್ಲ. ಅಂಗಳವಿಲ್ಲ, ಮರವಿಲ್ಲ, ಹಿಂದಿನ ಸಂಜೆ ನಾವು ಸಾಮಾನು ಇಳಿಸಿಕೊಂಡ ರಸ್ತೆಯೂ ಇಲ್ಲ. ಬೆಳ್ಳಗೆ ಮಂಜು, ಮಂಜಿನೊಳಗಿಂದ ಹೆಸರುಗಳು. ‘ಜಯಮ್ಮೋ...’ ಎಂದು ಒಂದು ದನಿ, ‘ಓ...’ ಎಂದು ಇನ್ನೊಂದು. ‘ಗೌರೀ...’ ‘ಓ...’ ಮನುಷ್ಯರೇ ಇಲ್ಲದೆ ಬರೀ ಹೆಸರುಗಳು ಬೆಟ್ಟದ ಮೇಲೆ ಓಡಾಡುತ್ತಿರುವ ಹಾಗಿತ್ತು. ನಿದ್ದೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಕನಸಿನ ಮುಂದುವರಿಕೆ ಅಂದುಕೊಂಡು ಹೊಸ್ತಿಲ ಮೇಲೆ ನಿಂತೇ ಇದ್ದೆ. ಆಗ ಯಾರೋ ಕರೆದರು, ‘ಆಯಿಷಾ...’

ನಾನು ಬಾಗಿಲು ಹಾಕಿಕೊಂಡೆ.

ಯಾಕೆಂದು ನಮ್ಮೂರಿನವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳಬೇಕು. ನಮ್ಮದು ಬಯಲುಸೀಮೆಯ ಶಿಯಾ ಊರು. ಮನೆಮನೆಯಲ್ಲೂ ಹರಳು ಉಜ್ಜುವ ಚಕ್ರ ತಿರುಗುತ್ತದೆ, ಕಣ್ಣು ಹಾಯಿಸಿದಷ್ಟು ದೂರ ಎಲ್ಲವೂ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೆಣ್ಣುಮಕ್ಕಳೆಂದರೆ ಫಾತಿಮಾ, ಜೈನಬ್, ಕುಲ್ಸುಮ್, ಸಕೀನಾ. ನಾನು ಸಕೀನಾ. ಬೀದಿಯಲ್ಲಿ ಆ ಹೆಸರು ಕರೆದರೆ ಮೂರ್ನಾಲ್ಕು ತಲೆ ತಿರುಗುತ್ತವೆ. ಆದರೆ ಆಯಿಷಾ ಯಾವ ಮನೆಯಲ್ಲೂ ಇಲ್ಲ. ಇಡಬಾರದೆಂದು ಯಾರೂ ಹೇಳಿಲ್ಲ, ಇಡುವುದಿಲ್ಲ ಅಷ್ಟೆ. ಪ್ರವಾದಿಯವರು ತೀರಿಕೊಂಡು ವರ್ಷಗಳಾದ ಮೇಲೆ, ಅವರ ಪತ್ನಿ ಆಯಿಷಾ ಒಂಟೆಯ ಮೇಲೆ ಕುಳಿತು ಪ್ರವಾದಿಯವರ ಅಳಿಯ, ನಮ್ಮ ಅಲಿಯವರ ಎದುರು ಯುದ್ಧಕ್ಕೆ ಬಂದರು. ಬಸ್ರಾದ ಬಳಿ ಅಂದು ಎದ್ದ ಧೂಳು ನಮ್ಮೂರಿನಲ್ಲಿ ಇನ್ನೂ ಕೂತಿಲ್ಲ.

ನನ್ನ ಗಂಡ ಮೊಹ್ಸಿನ್‌ಗೆ ಯಸಳೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿತ್ತು. ರೈಟರ್ ಎಂದರೆ ಇಲ್ಲಿ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ, ಗೊಬ್ಬರ, ಮೂಟೆ ನೋಡಿಕೊಳ್ಳುವವನು. ನಮಗೆ ಕೊಟ್ಟ ಮನೆ ‘ಲೈನ್’ನಲ್ಲಿತ್ತು. ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಕೆಲಸಗಾರರ ಮನೆಗಳಿಗೆ ಹಾಗನ್ನುತ್ತಾರೆ. ಪಕ್ಕದವರು ಕೆಮ್ಮಿದರೆ ನಮ್ಮ ಮನೆಯ ಲೋಟ ಅಲುಗುವಷ್ಟು ತೆಳ್ಳಗಿನ ಗೋಡೆ.

ಆ ಗೋಡೆಯ ಆಚೆ ಕಡೆಯೇ ಆಯಿಷಾ ಇದ್ದಳು.

ನಾನು ಬಾಗಿಲು ಹಾಕಿಕೊಂಡ ಅದೇ ದಿನ ಮಧ್ಯಾಹ್ನ ಅವಳು ಬಾಗಿಲು ತಟ್ಟಿ, ಒಂದು ಬಟ್ಟಲು ಮೀನುಸಾರು ಕೈಗಿತ್ತು, ಹೊಗೆಯಾಡುತ್ತಿದ್ದ ನನ್ನ ಒಲೆಯ ಮುಂದೆ ಕೂತೇಬಿಟ್ಟಳು. ಅವಳು ಮಾರನಹಳ್ಳಿಯ ಹುಡುಗಿ, ಬ್ಯಾರಿ ಮುಸ್ಲಿಮರು, ಸುನ್ನಿಗಳು. ಗಂಡ ಪಿಕಪ್‌ನಲ್ಲಿ ಕಾಫಿ ಮೂಟೆ ಸಾಗಿಸುತ್ತಾನೆ. ಅವಳ ಮನೆಮಾತು ಬ್ಯಾರಿ, ನನ್ನದು ಉರ್ದು. ಒಂದೇ ಕಡೆಗೆ ತಿರುಗಿ ನಮಾಜು ಮಾಡುವ ನಮ್ಮಿಬ್ಬರಿಗೂ ಮಾತಾಡಲು ಇದ್ದದ್ದು ಕನ್ನಡ ಮಾತ್ರ. ಹಸಿ ಸೌದೆ ಹೊತ್ತಿಸುವುದು, ಇಂಬಳ ಹತ್ತಿದರೆ ಉಪ್ಪು ಹಾಕುವುದು (ಜಿಗಣೆಗೆ ಇಲ್ಲಿ ಇಂಬಳ ಅನ್ನುತ್ತಾರೆ), ಮುದ್ದೆ ಕಟ್ಟಿ ರೂಢಿಯಾದ ಕೈಯಲ್ಲಿ ಅಕ್ಕಿರೊಟ್ಟಿ ತಟ್ಟುವುದು ಎಲ್ಲ ಅವಳಿಂದಲೇ ಕಲಿತೆ. ಅವಳು ಇಲ್ಲದಿದ್ದರೆ ನಾನು ವಾರದೊಳಗೆ ಸಕಲೇಶಪುರದ ಬಸ್ಸು ಹತ್ತಿ ತವರಿಗೆ ಓಡಿಬಿಡುತ್ತಿದ್ದೆ, ಇದರಲ್ಲಿ ಸಂಶಯವೇ ಇಲ್ಲ. ಈ ಬೆಟ್ಟದಲ್ಲಿ ನನಗಿದ್ದ ಒಬ್ಬಳೇ ಗೆಳತಿ ಅವಳು. ಅವಳ ಹೆಸರು ಮಾತ್ರ ನನ್ನ ನಾಲಿಗೆಗೆ ಬರಲಿಲ್ಲ. ‘ಬಾಜಿ’ ಅಂದೆ. ಅಕ್ಕ ಎಂದು ಅರ್ಥ.

‘ನಿಂಗಿಂತ ಚಿಕ್ಕೋಳು ಕಣೇ ನಾನು. ಮುದುಕಿ ಮಾಡ್ಬುಟ್ಯಲ್ಲ!’ ಎಂದು ನಕ್ಕಳು. ನಾನೂ ನಕ್ಕು ಪಾರಾದೆ.

ಮನೆಯಲ್ಲಿ ಒಬ್ಬಳೇ ಕೂರಲಾರದೆ ಅವಳ ಜೊತೆ ಕಾಫಿ ಹಣ್ಣು ಕುಯ್ಯಲು ಹೋಗತೊಡಗಿದೆ. ಹೆಸರು ಕರೆಯುವ ಪದ್ಧತಿಯ ಗುಟ್ಟು ಆಗ ತಿಳಿಯಿತು. ಮಂಜಿನಲ್ಲಿ ಕಾಫಿ ಗಿಡದ ಒಂದು ಸಾಲಿನಿಂದ ಮುಂದಿನ ಸಾಲು ಕಾಣುವುದಿಲ್ಲ, ಆನೆ ನಿಂತಿದ್ದರೂ ಕಾಣುವುದಿಲ್ಲ. ಅದಕ್ಕೇ ಹೆಂಗಸರು ಆಗಾಗ ಒಬ್ಬರನ್ನೊಬ್ಬರು ಕರೆಯುತ್ತಾರೆ. ಕರೆದವರಿಗೆ ‘ಓ...’ ಎಂದು ಉದ್ದಕ್ಕೆ ಎಳೆದು ಓಗೊಡಬೇಕು. ನಮ್ಮೂರಲ್ಲಿ ಹಿರಿಯರು ಕರೆದರೆ ‘ಜೀ’ ಎಂದು ಮೆಲ್ಲಗೆ ಅನ್ನಬೇಕು, ಹೀಗೆ ಎಳೆದರೆ ಬೆನ್ನಿಗೆ ಗುದ್ದು ಬೀಳುತ್ತದೆ. ಇಲ್ಲಿ ಹಿರಿಯಾಳು ಜಯಮ್ಮ ನನ್ನ ‘ಜೀ’ ಕೇಳಿ, ‘ಅದೇನವ್ವಾ ಗುಬ್ಬಚ್ಚಿ ಅಂದಂಗೆ ಅಂತೀಯ? ಆನೆಗೂ ಕೇಳ್ಬೇಕು ಕಣವ್ವಾ, ಇಲ್ಲಿ ಜನ ಅವ್ರೆ ಅಂತ!’ ಎಂದು ತಿದ್ದಿದಳು. ಕೆಲವೇ ದಿನಗಳಲ್ಲಿ ನನ್ನ ‘ಓ’ ಬೆಟ್ಟದ ಆಚೆ ಮಗ್ಗುಲಿಗೂ ಕೇಳಿಸುತ್ತಿತ್ತು. ಎಲ್ಲರ ಹೆಸರನ್ನೂ ಕರೆದೆ, ಒಂದನ್ನು ಬಿಟ್ಟು.

ರಂಜಾನ್ ಬಂದಾಗ ಹೂಮಳೆ ಬಿದ್ದಿತ್ತು. ಕಾಫಿ ಹೂ ಅರಳಿಸುವ ಆ ಮಳೆಯಾದ ಮೇಲೆ ಇಡೀ ಬೆಟ್ಟ ಬೆಳ್ಳಗಾಗಿ, ಮಲ್ಲಿಗೆಯಂಥ ಘಮ ಗೋಡೆಯೊಳಗೂ ಇಳಿದಿತ್ತು. ಉಪವಾಸದ ಹೊಟ್ಟೆಗೆ ಆ ವಾಸನೆಯೇ ಅಮಲು. ಅವತ್ತು ಆಯಿಷಾ ಇಫ್ತಾರಿಗೆ ಕರೆದಿದ್ದಳು. ದೂರದ ಮಸೀದಿಯ ಅಜಾನ್ ತೇಲಿ ಬಂತು, ಅವಳು ಖರ್ಜೂರ ಬಾಯಿಗಿಟ್ಟಳು. ನಾನು ನನ್ನದನ್ನು ಬೆರಳಲ್ಲೇ ಹಿಡಿದು ಕೂತೆ. ಸೂರ್ಯ ಮುಳುಗಿದರೆ ಅವರಿಗೆ ಸಾಕು. ಪೂರ್ವದ ಆಕಾಶದ ಕೆಂಪೂ ಆರುವವರೆಗೆ ನಾವು ಕಾಯುತ್ತೇವೆ.

‘ಅಜಾನ್ ಆಯ್ತಲ್ಲ, ತಿನ್ನು ಮಾರಾಯ್ತಿ.’

‘ಪೂರ್ವದ ಕೆಂಪು ಹೋಗಬೇಕು.’

‘ಈ ಮಂಜಲ್ಲಿ ಪೂರ್ವ ಎಲ್ಲೈತೆ?’

ಅಲ್ಲಿಗೆ ನಕ್ಕು ಮುಗಿಸಬಹುದಿತ್ತು. ನೀವು ಯಾಕೆ ಹಾಗೆ, ನಾವು ಯಾಕೆ ಹೀಗೆ ಎಂದು ಮಾತು ಬೆಳೆಯಿತು, ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನ ಮದೀನಾಕ್ಕೆ ಹೋಗಿ ನಿಂತಿತು. ಕೊನೆಯ ಹಜ್ಜಿನಿಂದ ಮರಳುವಾಗ ಗದೀರ್ ಎಂಬ ಕೊಳದ ಬಳಿ ಪ್ರವಾದಿಯವರು ಅಲಿಯವರ ಕೈ ಎತ್ತಿ ತೋರಿಸಿದರಲ್ಲ, ತನ್ನ ನಂತರ ಇವರೇ ನಾಯಕರು ಎಂದಲ್ಲವೇ ಅದು, ಎಂದೆ.

‘ಅಲಿಯವರನ್ನ ಪ್ರೀತಿಸಿ ಅಂದಿದ್ದು ಅದು. ನಾವೇನು ಪ್ರೀತ್ಸಲ್ವಾ? ಕಾಯಿಲೆ ಮಲಗಿದ್ದಾಗ ಪ್ರವಾದಿಯವರು ನಮಾಜಿಗೆ ಮುಂದೆ ನಿಲ್ಸಿದ್ದು ಅಬೂಬಕರ್ ಅವರನ್ನ, ಆಯಿಷಾ ಅವರ ತಂದೇನ. ಹಿರಿಯರೆಲ್ಲ ಸೇರಿ ಅವರನ್ನೇ ಒಪ್ಪಿದ್ರು. ಆಮೇಲೆ ಅಲಿಯವರೂ ಒಪ್ಪಿದ್ರಲ್ಲ?’

‘ಸಾವಾದ ಮನೆಯಲ್ಲಿ ಅಲಿಯವರು ಪ್ರವಾದಿಯವರ ದೇಹದ ಹತ್ತಿರ ಕೂತಿದ್ದರು. ಇನ್ನೂ ಮಣ್ಣಾಗಿರಲಿಲ್ಲ. ಆಗಲೇ ಹೊರಗೆ ತೀರ್ಮಾನವಾಯಿತು. ಅದು ಒಪ್ಪಿಗೆಯಾ?’

‘ಒಡೆದು ಹೋಗೋ ಜನಾನ ಒಟ್ಟಿಗೆ ಇಡ್ಬೇಕಲ್ಲ, ಯಾರಾದ್ರೂ ಮುಂದೆ ನಿಲ್ಲಬೇಕಿತ್ತು.’

ಇತಿಹಾಸ ಎಂದು ಪುಸ್ತಕದಲ್ಲಿ ಓದಿದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮಗೆ ಅದು ಮನೆಯ ಸಾವು, ಪ್ರತಿ ವರ್ಷ ಹೊಸದಾಗಿ ಆಗುವ ಸಾವು. ಅವಳಿಗೂ ಅವರೆಲ್ಲ ಮನೆಯ ಹಿರಿಯರೇ ಎಂಬುದು ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ.

ಆಯಿಷಾ ನನ್ನ ಕಡೆಗೆ ತಿರುಗಿದಳು. ‘ಅದಕ್ಕೇನಾ ನೀನು ನನ್ನ ಹೆಸರು ಕರೀದೇ ಇರೋದು?’

ನಾನು ಖರ್ಜೂರವನ್ನು ಬೆರಳಲ್ಲೇ ಹೊರಳಿಸಿದೆ.

‘ಅವರು ನಮಗೆಲ್ಲ ತಾಯಿ. ಅವರಂಗೆ ತಿಳುವಳಿಕಸ್ತೆ ಆಗ್ಲಿ ಅಂತ ನಮ್ಮುಮ್ಮ ಇಟ್ಟ ಹೆಸರು ಅದು. ಬಾಜಿ ಅಂತೆ ಬಾಜಿ! ಇನ್ಮೇಲೆ ಹಂಗೆ ಕರೀಬ್ಯಾಡ. ಕರೆದ್ರೆ ನಾನು ಓಗೊಡಲ್ಲ, ತಿಳ್ಕೋ.’

ಪೂರ್ವದ ಕೆಂಪು ಆರಿತೋ ಇಲ್ಲವೋ ಗೊತ್ತಾಗಲಿಲ್ಲ. ಖರ್ಜೂರವನ್ನು ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದೆ.

ಆಮೇಲೆ ಗೋಡೆ ದಪ್ಪವಾಯಿತು. ಎದುರಾದರೆ ಅವಳು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ದಾಟಿಹೋಗುವಳು. ನಾನೂ ಕಮ್ಮಿಯಲ್ಲ, ಹಠದಲ್ಲಿ ನಮ್ಮಮ್ಮಿಯ ಮಗಳೇ. ಮೊಹ್ಸಿನ್ ‘ಹೋಗಿ ಒಂದು ಮಾತು ಆಡಬಾರದೇ’ ಎಂದರೆ ಅವನ ಮೇಲೂ ಮುನಿಸು. ರಂಜಾನ್ ಕಳೆದು ಹಬ್ಬ ಬಂತು, ಹೋಯಿತು. ಶಾವಿಗೆ ಪಾಯಸ ಮಾಡಿ ಇಬ್ಬರೇ ತಿಂದೆವು, ರುಚಿಯೇ ಇರಲಿಲ್ಲ.

ಮೊಹರಮ್ ಬಂದಾಗ ತವರಿಗೆ ಹೋಗಲು ರಜೆ ಸಿಗಲಿಲ್ಲ. ಊರಲ್ಲಾದರೆ ಕಪ್ಪು ಬಟ್ಟೆ, ಬೀದಿಬೀದಿಯಲ್ಲಿ ಮಜ್ಲಿಸ್. ಕರ್ಬಲಾದಲ್ಲಿ ಅಲಿಯವರ ಮಗ ಹುಸೇನರು ಮಡಿದ ಕಥೆ ಹೇಳುತ್ತ ಕೇಳುತ್ತ ಎಲ್ಲರೂ ಒಟ್ಟಾಗಿ ಅಳುವ ಸಭೆ ಅದು. ಇಲ್ಲಿ ಒಬ್ಬಳೇ ಅಳಬೇಕು, ಅದೂ ಗೋಡೆಯಾಚೆ ಕೇಳಿಸದ ಹಾಗೆ. ಹತ್ತನೆಯ ದಿನ ನಾವು ಫಾಕಾ ಇರುತ್ತೇವೆ. ಉಪವಾಸವಲ್ಲ, ಹುಸೇನರ ಮನೆಯವರು ಹಸಿದು ಬಾಯಾರಿದ ದಿನ ನಮಗೆ ಅನ್ನ ಇಳಿಯುವುದಿಲ್ಲ ಎಂದು, ಮಧ್ಯಾಹ್ನ ಇಳಿಯುವವರೆಗೆ ಏನೂ ಮುಟ್ಟದೆ ಇರುವುದು. ಅವತ್ತು ಆಚೆ ಮನೆಯಲ್ಲೂ ಪಾತ್ರೆಯ ಸದ್ದಿರಲಿಲ್ಲ. ಮೂಸಾ ಪ್ರವಾದಿಯವರ ಜನ ಕ್ರೂರ ದೊರೆಯ ಕೈಯಿಂದ ಪಾರಾದ ದಿನವೆಂದು ಸುನ್ನಿಗಳು ಅಂದು ಉಪವಾಸ ಇರುತ್ತಾರೆ. ಅವಳದು ಕೃತಜ್ಞತೆಯ ಹಸಿವು, ನನ್ನದು ದುಃಖದ ಹಸಿವು. ಗೋಡೆಗೆ ಕಿವಿಯಿಟ್ಟೆ. ಅವಳು ಕೆಮ್ಮಿದಳು.

ಬಾಗಿಲಿಗೆ ಬಂದ ಜಯಮ್ಮ ನನ್ನ ಕಪ್ಪು ಬಟ್ಟೆ ನೋಡಿ ಬೆರಗಾದಳು. ‘ಅಯ್ಯೋ, ನಮ್ಮ ತವರಲ್ಲಿ ಬಾಬಯ್ಯನ ಹಬ್ಬ ಅಂದ್ರೆ ಹುಲಿವೇಷ ಹಾಕ್ಕಂಡು ಕುಣೀತಿದ್ರು ಕಣವ್ವಾ! ನೀನು ನೋಡಿದ್ರೆ ಅಳ್ತೀಯ, ಆಚೆ ಮನೇವ್ಳು ಉಪಾಸ ಅಂತಾಳೆ. ಇಬ್ರೂ ಹಸ್ಕಂಡಿದ್ದೀರಿ, ಇಬ್ರೂ ಮಾತಾಡಕಿಲ್ಲ. ಏನ್ ಹಬ್ಬನವ್ವಾ ಇದು?’

ಹುಸೇನರ ಹೆಸರಿನಲ್ಲಿ ಕುಣಿಯುತ್ತಾರೆಂದು ಕೇಳಿ ಮೊದಲು ಎದೆ ಧಸಕ್ಕೆಂದಿತು. ಆಮೇಲೆ, ಈ ದೂರದ ಬೆಟ್ಟದಲ್ಲೂ ಅವರ ನೆನಪು ಹುಲಿಯ ಬಣ್ಣ ಬಳಿದುಕೊಂಡಾದರೂ ಉಳಿದಿದೆಯಲ್ಲ ಅನಿಸಿ, ಅಳುವಿನ ನಡುವೆಯೇ ನಗು ಬಂತು. ಊರಲ್ಲಿ ಈ ಮಾತು ಹೇಳಿದರೆ ಬೈಯುತ್ತಾರೆ.

ಮತ್ತೆ ಹಣ್ಣಿನ ಕಾಲ ಬಂತು. ಕೆಲಸ ಹಂಚಿದ ಜಯಮ್ಮ ಬೇಕೆಂದೇ ಅಕ್ಕಪಕ್ಕದ ಸಾಲು ಕೊಟ್ಟಳು. ಮಾತಿಲ್ಲದೆ ಕುಯ್ಯುತ್ತಿದ್ದೆವು, ಅವಳ ಬಳೆಯ ಸದ್ದು ಮಾತ್ರ ಮಂಜಿನಾಚೆ ಕೇಳುತ್ತಿತ್ತು. ಒಂದು ಬೆಳಿಗ್ಗೆ ಮೇಲಿನಿಂದ ಸೀಟಿ ಕೇಳಿತು. ಆಲೂರು ಕಡೆಯಿಂದ ದಾಟಿದ ಆನೆಗಳು ಕೆಳಗಿನ ಹಳ್ಳದ ಹತ್ತಿರ ಬಂದಿವೆಯೆಂದು ಮೊಹ್ಸಿನ್‌ನ ಮೊಬೈಲಿಗೆ ಸುದ್ದಿ ಬಂದಿತ್ತು. ಬುಟ್ಟಿ ಬಿಟ್ಟು ಎಲ್ಲರೂ ರಸ್ತೆಗೆ ಓಡಿದೆವು. ಜಯಮ್ಮ ಒಬ್ಬೊಬ್ಬರ ಹೆಸರು ಹಿಡಿದು ಕರೆದಳು, ಆಯಿಷಾ ಓಗೊಡಲಿಲ್ಲ.

‘ಎಲ್ಲೋಗ್ಬುಟ್ಳು ಇವ್ಳು?’ ಜಯಮ್ಮ ತಲೆಗಳನ್ನು ಮತ್ತೆ ಎಣಿಸಿದಳು.

ನನಗೆ ಗೊತ್ತಿತ್ತು. ಸೀಟಿಗೆ ಸ್ವಲ್ಪ ಮೊದಲು ಆ ಬಳೆಯ ಸದ್ದು ಹಳ್ಳದ ಕಡೆಗೆ, ರಸ್ತೆಯ ಕೂಗು ಮುಟ್ಟದಷ್ಟು ಕೆಳಗೆ ಇಳಿದಿತ್ತು. ಮೊಹ್ಸಿನ್ ತಡೆಯುವ ಮೊದಲೇ ನಾನು ಕೆಳಗೆ ಓಡಿದೆ. ಕೆಳಗೆಲ್ಲೋ ಕೊಂಬೆ ಲಟಕ್ಕೆಂದಿತು, ಆನೆಯ ಮೈಯ ಘಾಟು ಮೂಗಿಗೆ ಬಡಿಯಿತು.

‘ಬಾಜೀ...’ ಎಂದು ಕೂಗಿದೆ.

ಮಂಜು ಸುಮ್ಮನಿತ್ತು. ‘ಬಾಜೀ...’ ಇನ್ನೊಂದು ಕೊಂಬೆ ಮುರಿಯಿತು. ಎದೆಯೊಳಗಿನಿಂದ ಅದು ತಾನಾಗಿ ಎದ್ದು ಬಂತು, ಬಸ್ರಾ, ಒಂಟೆ, ಧೂಳು ಎಲ್ಲವನ್ನೂ ದಾಟಿಕೊಂಡು.

‘ಆಯಿಷಾ! ಆಯಿಷಾ...’

‘ಓ...’

ಹತ್ತು ಮಾರಿನೊಳಗೇ ಇದ್ದಳು. ಕೈ ಹಿಡಿದು ಎಳೆದುಕೊಂಡು ಏರು ಹತ್ತಿದೆ. ರಸ್ತೆಗೆ ಬಂದು ಇಬ್ಬರೂ ಕುಸಿದು ಕೂತೆವು.

‘ಮೊದಲು ಕರೆದದ್ದು ಕೇಳಲಿಲ್ಲವಾ?’ ಎಂದೆ.

‘ಕೇಳ್ತು.’

‘ಆನೆ ಇತ್ತು ಕಣೇ ಅಲ್ಲಿ!’

‘ಓಗೊಡಲ್ಲ ಅಂದಿದ್ನಲ್ಲ,’ ಎಂದವಳೇ ನನ್ನ ಹೆಗಲಿಗೆ ಮುಖವಿಟ್ಟು ಗೊಳೋ ಎಂದು ಅತ್ತಳು. ನಾನೂ ಅತ್ತೆ.

ಅವಳನ್ನು ಮನೆಗೆ ಬಿಡಲು ಹೋಗುವಾಗ ಮಜ್ಲಿಸ್‌ನಲ್ಲಿ ಚಿಕ್ಕಂದಿನಿಂದ ಕೇಳಿದ್ದ ಒಂದು ಸಂಗತಿ ನೆನಪಾಯಿತು. ಆ ಯುದ್ಧ ಗೆದ್ದ ಅಲಿಯವರು ಸೋತ ಆಯಿಷಾರನ್ನು ಗೌರವದಿಂದಲೇ ಮದೀನಾಕ್ಕೆ ಕಳಿಸಿಕೊಟ್ಟರು, ಆಯಿಷಾರ ತಮ್ಮನನ್ನೇ ಜೊತೆಗೆ ಕಳಿಸಿದರು. ಹೇಳಿದೆ. ‘ನಮ್ಮುಮ್ಮನೂ ಹೇಳ್ತಿದ್ರು ಅದನ್ನ,’ ಎಂದಳು. ಪ್ರವಾದಿಯವರ ನಂತರ ಯಾರು ಮೊದಲಾಗಬೇಕಿತ್ತು ಎಂಬುದರಲ್ಲಿ ನಾವು ಇಂದಿಗೂ ಒಪ್ಪುವುದಿಲ್ಲ. ನನ್ನ ಅಲಿಯೇ ಮೊದಲು, ಅದರಲ್ಲಿ ರಾಜಿಯಿಲ್ಲ. ಮುಂದಿನ ರಂಜಾನಿನಲ್ಲಿ ಅವಳು ಅಜಾನ್‌ಗೆ ಉಪವಾಸ ಬಿಟ್ಟು, ನನ್ನ ಖರ್ಜೂರವನ್ನು ಎದುರಿಗಿಟ್ಟುಕೊಂಡು ಕೆಂಪು ಆರುವವರೆಗೆ ಕಾದು ಕೂರುತ್ತಿದ್ದಳು.

ಈ ಸಲದ ಮೊಹರಮ್‌ಗೆ ತವರಿಗೆ ಬಂದಿದ್ದೇನೆ. ಅಮ್ಮಿಯ ಪಕ್ಕ ಕೂತು ಗಂಟಲು ಬಿಟ್ಟು ಅತ್ತೆ, ಮೈ ಹಗುರಾಯಿತು. ಆದರೆ ಇಲ್ಲಿಯ ಬಿಸಿಲಿಗೆ ಕಣ್ಣು ಒಗ್ಗುತ್ತಿಲ್ಲ. ಎಲ್ಲವೂ ಎಲ್ಲರಿಗೂ ಕಾಣುತ್ತದೆ. ಮಜ್ಲಿಸ್ ಮುಗಿದು ಒಳಗೆ ಊಟ ಬಡಿಸುತ್ತಿದ್ದಾಗ ಬೆಟ್ಟದಿಂದ ಅವಳ ಫೋನ್ ಬಂತು. ಹೊಸ್ತಿಲಿಗೆ ಬಂದು ಎತ್ತಿಕೊಂಡೆ.

‘ಪಕ್ಕದಲ್ಲಿ ಯಾರ್ಯಾರು ಅವ್ರೆ?’ ಎಂದಳು.

‘ಎಲ್ಲರೂ.’

‘ಹಂಗಾರೆ ನನ್ನ ಹೆಸರು ಬ್ಯಾಡ ಬಿಡು. ಅಲ್ಲಿ ಇರೋವರ್ಗೂ ಬಾಜಿ ಅಂತಾನೇ ಅನ್ನು. ಓಗೊಡ್ತೀನಿ.’

‘ಹೇಳು, ಆಯಿಷಾ,’ ಎಂದೆ, ಮಂಜಿನಲ್ಲಿ ಕರೆಯುವಷ್ಟು ಗಟ್ಟಿಯಾಗಿ.

ಒಳಗೆ ತಟ್ಟೆಗಳ ಸದ್ದು ನಿಂತಿತು. ‘ಸಕೀನಾ!’ ಅಮ್ಮಿ ಕರೆದಳು. ‘ಜೀ’ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಉದ್ದನೆಯ ‘ಓ...’

ಅಮ್ಮಿಗೂ ಕೇಳಿಸಿತು, ಫೋನಿನಾಚೆ ಅವಳಿಗೂ ಕೇಳಿಸಿತು.